ತಾಮ್ರದ ಬುಲೆಟ್ಟೂ ವಿಕ್ರೋಳಿಯ ಗಿರಾಕಿಯೂ

ಬಂದೂಕಿನ ಅಂಗಡಿಯಲ್ಲಿ ಕೆಲಸ ಅಂದರೆ ಜನ ಒಂದು ಹೆಜ್ಜೆ ಹಿಂದೆ ಸರಿದು ಮಾತಾಡುತ್ತಾರೆ. ಅಷ್ಟೆಲ್ಲ ಹೆದರಬೇಕಾದ್ದೇನೂ ಇಲ್ಲ. ಮುಂಬಯಿಯ ಫೋರ್ಟ್ ಪೇಟೆಯಲ್ಲಿದ್ದ ಒಂದು ಹಳೇ ಅಂಗಡಿಯ ಕೌಂಟರಿನ ಹಿಂದೆ ನಾನು ಒಂಬತ್ತು ವರ್ಷ ನಿಂತಿದ್ದೆ. ಒಂದು ದಿನವೂ ಗುಂಡಿನ ಸದ್ದು ಕೇಳಲಿಲ್ಲ. ನಗೆಪಾಟಲಿನ ಪ್ರಸಂಗಗಳು ಮಾತ್ರ ವಾರಕ್ಕೊಂದಾದರೂ ಲೈಸೆನ್ಸ್ ಇಲ್ಲದೆ ಒಳಗೆ ಬರುತ್ತಿದ್ದವು. ಎಂಬತ್ತರ ದಶಕದ ಕೊನೆಯಲ್ಲಿ ಸೀಸವೇ ಇಲ್ಲದ, ಪೂರ್ತಿ ತಾಮ್ರದ ರೈಫಲ್ ಬುಲೆಟ್ಟಿನ ಸುದ್ದಿ ಬಂತಲ್ಲ, ಆಮೇಲಂತೂ ವಾರಕ್ಕೆ ಎರಡಾಯಿತು.

೧. ಬದನೆಕಾಯಿಯ ಹುಳ

ನಾವು ಮೈಸೂರಿನ ಕಡೆಯವರು. ಅಪ್ಪ ಹೋದಮೇಲೆ ಸೋದರಮಾವ ನನ್ನನ್ನು ಮುಂಬಯಿಗೆ ಕರೆಸಿಕೊಂಡು ಈ ಅಂಗಡಿಗೆ ಸೇರಿಸಿದರು. ನಾನು ಮೊಟ್ಟೆಯನ್ನೂ ಮುಟ್ಟುವವನಲ್ಲ ಎಂದು ತಿಳಿದಾಗ ಅಂಗಡಿಯ ಮಾಲೀಕ ಸೇಠ್‌ಗೆ ಖುಷಿಯೋ ಖುಷಿ. "ಬಹುತ್ ಅಚ್ಛಾ. ಮಾಲನ್ನ ಪರೀಕ್ಷೆ ಮಾಡಿ ನೋಡೋಕೆ ಹೋಗಲ್ಲ" ಅಂದರು.

ತೊಂದರೆ ಶುರುವಾದದ್ದು ಮದುವೆಯ ಮಾತು ಎತ್ತಿದಾಗ. ನನಗೆ ಮೂವತ್ತೊಂದು ತುಂಬಿತ್ತು. ಸಾಂತಾಕ್ರೂಜ್ ಈಸ್ಟ್‌ನ ಒಂದು ರೂಮು ಒಂದು ಕಿಚನ್ನಿನಲ್ಲಿ ನಾನು, ಅಮ್ಮ ಇಬ್ಬರೇ. ಅಮ್ಮ ನನ್ನ ಜಾತಕವನ್ನು ತನ್ನ ಕೈಯಲ್ಲೇ ಏಳೆಂಟು ಪ್ರತಿ ಮಾಡಿ ಮಾಟುಂಗದ ಪುರೋಹಿತರಿಗೆ ಕೊಟ್ಟಿದ್ದಳು. ಅವರು ನಾಲ್ಕು ಕಡೆ ಹಂಚಿದ್ದರು.

ಮೊದಲ ಮನೆಯಲ್ಲಿ ಉಪ್ಪಿಟ್ಟು ಬಂತು. ಹುಡುಗಿಯ ತಂದೆ ಕೇಳಿದರು, "ಏನು ಮಾರ್ತೀರಿ?"

"ರೈಫಲ್ ಬುಲೆಟ್ಟು ಸಾರ್. ಬೇಟೆಯದು."

ಅವರು ಮೆಲ್ಲಗೆ ಹೇಳಿದರು, "ನಮ್ಮನೇಲಿ ಬದನೆಕಾಯಿ ಹೆಚ್ಚುವಾಗ ಹುಳ ಸಿಕ್ಕಿದ್ರೆ ಅದನ್ನ ಬಾಲ್ಕನಿ ಕುಂಡದಲ್ಲಿ ಬಿಟ್ಟುಬರ್ತೀವಿ." ಕಾಫಿ ಬರಲೇ ಇಲ್ಲ.

ಎರಡನೇ ಮನೆಯಲ್ಲಿ ಹುಡುಗಿಯ ಚಿಕ್ಕಪ್ಪ ನನ್ನ ಕೆಲಸ ಕೇಳಿ ಬಹಳ ಉತ್ಸಾಹ ತೋರಿಸಿದರು. ಕುರ್ಚಿ ಹತ್ತಿರ ಎಳೆದುಕೊಂಡು ಕೂತರು. ಅವರ ಬಿಲ್ಡಿಂಗಿನ ಸೆಕ್ರೆಟರಿಗೂ ಅವರಿಗೂ ಸ್ಕೂಟರ್ ನಿಲ್ಲಿಸುವ ಜಾಗಕ್ಕೆ ಮೂರು ವರ್ಷದ ಜಗಳವಂತೆ. ಆ ಸಂಬಂಧವನ್ನು ನಾವೇ ಬಿಟ್ಟೆವು.

೨. ಬೀಗರ ಪಾಲು

ವಿದೇಶದ ಒಂದು ಕಂಪನಿಯಿಂದ ಸೇಠ್‌ಗೆ ಒಂದು ಸ್ಯಾಂಪಲ್ ಬೋರ್ಡ್ ಬಂತು. ಒಂದು ಹಲಗೆ, ಅದರ ಮೇಲೆ ಎರಡು ಸಾಲು. ಎಡಗಡೆ ಸೀಸದ ಬುಲೆಟ್ಟುಗಳು, ಬಲಗಡೆ ತಾಮ್ರದವು. ಮದ್ದು ಗಿದ್ದು ಏನೂ ಇಲ್ಲ, ಬರೀ ಲೋಹದ ತುಂಡುಗಳು. ಕೆಳಗೆ, ನೀರಿನ ತೊಟ್ಟಿಗೆ ಹಾರಿಸಿ ತೆಗೆದವನ್ನೂ ಅಂಟಿಸಿದ್ದರು. ಸೀಸದ್ದು ಚೂರುಚೂರಾಗಿ ಅರ್ಧಕ್ಕರ್ಧ ಮಾಯವಾಗಿತ್ತು. ತಾಮ್ರದ್ದು ಚೂರೂ ಉದುರದೆ, ನಾಲ್ಕು ಎಸಳು ಬಿಚ್ಚಿಕೊಂಡು ಪುಟ್ಟ ಹೂವಿನ ಹಾಗೆ ನಿಂತಿತ್ತು.

ಸೇಠ್ ನನಗೆ ಹೇಳಿದರು, "ನೀನು ಇಂಗ್ಲಿಷ್ ಓದಿದವನು. ಇದನ್ನೆಲ್ಲ ಬಾಯಿಪಾಠ ಮಾಡು. ಹತ್ತು ಗಿರಾಕಿ ತಾಮ್ರದ್ದೇ ಬೇಕು ಅಂತ ಬರೆದುಕೊಟ್ಟರೆ ತರಿಸೋಕೆ ಪರ್ಮಿಷನ್ ಕೇಳೋಣ."

ಬೇಟೆ ಬಂದ್ ಆಗಿ ಆಗಲೇ ಎಷ್ಟೋ ವರ್ಷವಾಗಿತ್ತು. ಬೆಳೆ ಹಾಳುಮಾಡುವ ಕಾಡುಹಂದಿಗೆ ಸರ್ಕಾರದ ಪರವಾನಗಿ ಪಡೆದು ಬರುವ ಕೆಲವು ತೋಟದವರೇ ನಮ್ಮ ರೈಫಲ್ ಗಿರಾಕಿಗಳು. ಅಂಥವರಲ್ಲಿ ಡಹಾಣು ಕಡೆಯ ಚಿಕ್ಕು ತೋಟದವರೊಬ್ಬರು ಬಂದರು. ನಾನು ಬಾಯಿಪಾಠ ಒಪ್ಪಿಸಿದೆ. ಸೀಸ ಮಾಂಸದೊಳಗೆ ಪುಡಿಯಾಗಿ ಉಳಿಯುತ್ತೆ, ಕಣ್ಣಿಗೆ ಕಾಣಲ್ಲ, ತಿಂದವರ ಮೈಗೆ ವಿಷ ಸೇರುತ್ತೆ, ತಾಮ್ರದಲ್ಲಿ ಆ ಭಯವಿಲ್ಲ ಎಂದೆಲ್ಲ ಹೇಳಿದೆ.

ಅವರು ಗಮನವಿಟ್ಟು ಕೇಳಿದರು. "ತಿಂದವರಿಗೆ ತೊಂದರೆ ಅಂತೀರಿ?"

"ಹೌದು ಸಾಹೇಬ್. ಒಂದೇ ದಿನಕ್ಕೆ ಗೊತ್ತಾಗಲ್ಲ, ನಿಧಾನಕ್ಕೆ ಆಗುತ್ತೆ."

"ನಾನು ಮಾಳಕರಿ, ಕೊರಳಲ್ಲಿ ತುಳಸಿಮಾಲೆ ಇದೆ, ಮಾಂಸ ಮುಟ್ಟಲ್ಲ" ಅಂದರು ಅವರು. "ಎಲ್ಲ ನಮ್ಮ ಬೀಗರ ಮನೆಗೆ ಹೋಗುತ್ತೆ. ಸೀಸದ್ದೇ ಇರಲಿ."

೩. ಸೀರೆ ಆರಿಸಿದ ಹಾಗೆ

ಸಾಂತಾಕ್ರೂಜ್‌ನಲ್ಲೇ ನಮ್ಮ ಪಕ್ಕದ ಗಲ್ಲಿಯಲ್ಲಿ ಹಾಸನದ ಕಡೆಯ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಇದ್ದರು. ಅವರಿಗೆ ಅವರ ತಂದೆಯ ಕಾಲದ ರೈಫಲ್ ಒಂದಿತ್ತು, ಲೈಸೆನ್ಸೂ ಇತ್ತು. ಹೊಡೆಯಲು ಮಾತ್ರ ಏನೂ ಇರಲಿಲ್ಲ. ಆದರೂ ತಿಂಗಳಿಗೊಂದು ಶನಿವಾರ ಅಂಗಡಿಗೆ ಬಂದು, ಕುರ್ಚಿಯಲ್ಲಿ ಕೂತು, ಯಾವ ಪ್ರಾಣಿಗೆ ಯಾವ ಬುಲೆಟ್ ಎಂದು ಆರಿಸಿ ಆರಿಸಿ, ಟೀ ಕುಡಿದು ಹೋಗುತ್ತಿದ್ದರು. ತಾಮ್ರದ ಬುಲೆಟ್ ಕಂಡಮೇಲೆ ಅವರ ಉತ್ಸಾಹ ಏರಿತು. ಮುಂದಿನ ಸಲ ಹೆಂಡತಿಯನ್ನೂ ಕರೆತಂದರು.

ಆಕೆ ಬೋರ್ಡನ್ನು ಬೆಳಕಿಗೆ ಹಿಡಿದು ನೋಡಿದರು. "ಸೀಸದ್ದು ಮಂಕಾಗಿದೆ. ತಾಮ್ರದ್ದೇ ಲಕ್ಷಣವಾಗಿದೆ, ಅದನ್ನೇ ತಗೊಳ್ಳಿ" ಅಂದರು. ಮ್ಯಾನೇಜರ್ ಸಾಹೇಬರ ಮುಖ ಅರಳಿತು. ನಾನೂ ಬರೆದುಕೊಳ್ಳಲು ಪೆನ್ನು ತೆಗೆದೆ. ತಾಮ್ರ ಬೇಕೆಂದ ಮೊದಲ ಗಿರಾಕಿ!

ಅಷ್ಟರಲ್ಲಿ ಆಕೆ ಕೇಳಿದರು, "ಅಂದಹಾಗೆ, ಇದರಲ್ಲಿ ಏನು ಹೊಡೀತೀರಿ?"

"ಏನೂ ಇಲ್ಲ ಕಣೇ. ಬೇಟೆ ಬಂದ್ ಆಗಿದೆಯಲ್ಲ."

"ಏನೂ ಹೊಡೆಯಲ್ಲ ಅಂದಮೇಲೆ ತಾಮ್ರ ಯಾಕೆ? ಸೀಸದ್ದರಲ್ಲೇ ಏನೂ ಹೊಡೀಬೇಡಿ!"

೪. ಹುಣಸೆಹಣ್ಣು

ಮುಂಬಯಿಯ ಹವೆಗೆ ತಾಮ್ರ ನಿಲ್ಲುವುದಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಬೋರ್ಡಿನ ಬಲಗಡೆ ಸಾಲು ಕಪ್ಪಾಗಿ ಅಲ್ಲಲ್ಲಿ ಹಸಿರು ಬಂದಿತ್ತು. ಸೇಠ್ ಹೇಳಿದ ಮೇಲೆ ನಾನು ಹೂವಿನಂತೆ ಅರಳಿದ್ದ ನಾಲ್ಕನ್ನು ಬಿಚ್ಚಿ ಮನೆಗೆ ತಂದೆ. ತಾಮ್ರಕ್ಕೆ ಹೊಳಪು ಕೊಡುವುದರಲ್ಲಿ ಅಮ್ಮನನ್ನು ಮೀರಿಸುವವರಿಲ್ಲ. "ಕಂಪನಿ ಸ್ಯಾಂಪಲ್ ಅಮ್ಮ, ಸ್ವಲ್ಪ ತಿಕ್ಕಿಕೊಡು" ಅಂದೆ, ಅಷ್ಟೇ.

ಬೆಳಿಗ್ಗೆ ಸ್ನಾನ ಮಾಡಿ ಬಂದು ನೋಡಿದರೆ ನಾಲ್ಕೂ ಹುಣಸೆಹಣ್ಣು, ಉಪ್ಪಿನಲ್ಲಿ ತಿಕ್ಕಿಸಿಕೊಂಡು ಫಳಫಳ ಹೊಳೆಯುತ್ತ, ಅರಿಶಿನ ಕುಂಕುಮ ಹಚ್ಚಿಸಿಕೊಂಡು ದೇವರ ಮುಂದೆ ಕೂತಿದ್ದವು.

"ಅಮ್ಮ, ಅದು ಹೂವಲ್ಲ. ಬುಲೆಟ್ಟು."

ಅಮ್ಮ ಕೈಯಲ್ಲಿದ್ದ ಗಂಟೆ ಕೆಳಗಿಟ್ಟಳು. "ಹಾರಿಸಿದ್ದಾ?"

"ಹಾರಿಸಿದ್ದು. ಆದರೆ ಪ್ರಾಣಿಗಲ್ಲ. ಪರೀಕ್ಷೆಗೆ ಅಂತ ನೀರಿಗೆ ಹಾರಿಸ್ತಾರೆ."

ಅಮ್ಮ ಮತ್ತೆ ಗಂಟೆ ಎತ್ತಿಕೊಂಡಳು. "ನೀರಲ್ಲಿ ಮುಳುಗಿ ಬಂದಿದೆ ತಾನೆ? ಹಾಗಾದ್ರೆ ಮಡೀನೇ. ಮಂಗಳಾರತಿ ಆಗೋವರೆಗೂ ಮುಟ್ಟಬೇಡ."

೫. ವಿಕ್ರೋಳಿಯ ಗಿರಾಕಿ

ಅದೇ ತಿಂಗಳು ಒಂದು ಮಧ್ಯಾಹ್ನ, ಐವತ್ತೈದರ ಆಸುಪಾಸಿನ ಒಬ್ಬರು ಬಗಲಲ್ಲಿ ಛತ್ರಿ ಸಿಕ್ಕಿಸಿಕೊಂಡು ಅಂಗಡಿಗೆ ಬಂದರು. ವಿಕ್ರೋಳಿಯ ಒಂದು ದೊಡ್ಡ ಕಾರ್ಖಾನೆಯ ಲೋಹ ಪರೀಕ್ಷೆಯ ಲ್ಯಾಬಿನಲ್ಲಿ ಅವರು ಅಧಿಕಾರಿ. ಪುರೋಹಿತರ ಕೈಯಿಂದ ನನ್ನ ಜಾತಕ ಪಡೆದುಕೊಂಡಿದ್ದ ಮೂರನೆಯವರು. ಹುಡುಗ ಹೇಗಿದ್ದಾನೆ ಎಂದು ಗುಟ್ಟಾಗಿ ವಿಚಾರಿಸಿಕೊಂಡು ಹೋಗಲು ಗಿರಾಕಿಯ ಹಾಗೆ ಬಂದಿದ್ದರು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನನ್ನ ಪಾಲಿಗೆ ಅವರು ಬರೀ ಒಬ್ಬ ಗಿರಾಕಿ.

"ಬುಲೆಟ್ ದಿಖಾವೋ" ಅಂದರು.

"ಯಾವ ಪ್ರಾಣಿಗೆ ಸಾಬ್?"

ಈ ಪ್ರಶ್ನೆಗೆ ಅವರು ತಯಾರಾಗಿ ಬಂದಿರಲಿಲ್ಲ. ಜನ್ಮದಲ್ಲಿ ಒಂದು ಸೊಳ್ಳೆಯನ್ನಾದರೂ ಹೊಡೆದಿದ್ದರೋ ಇಲ್ಲವೋ. ಛತ್ರಿಯನ್ನು ಈ ಬಗಲಿನಿಂದ ಆ ಬಗಲಿಗೆ ಬದಲಾಯಿಸಿ, "ಚೂಹಾ" ಅಂದರು.

ಅವರ ಹಿಂದಿಯ ಧಾಟಿ ನೋಡಿಯೇ ನಮ್ಮ ಕಡೆಯವರೆಂದು ಗೊತ್ತಾಯಿತು. "ಇಲಿಗೆ ರೈಫಲ್ ಯಾಕೆ ಸಾರ್, ಬೋನು ಸಾಕು" ಅಂದೆ ಕನ್ನಡದಲ್ಲಿ. "ನಮ್ಮನೇಲೂ ಬೋನೇ. ಬಿದ್ದ ಇಲೀನ ರೈಲ್ವೆ ಹಳಿ ಆಚೆ ಬಿಟ್ಟು ಬರ್ತೀನಿ."

"ಕೊಲ್ಲಲ್ವಾ?"

"ಅಯ್ಯೋ, ನನ್ನ ಕೈಲಾಗಲ್ಲ ಸಾರ್."

ಅವರ ಮುಖದಲ್ಲಿ ಸಮಾಧಾನ ಕಂಡಿತು. ಅಷ್ಟಕ್ಕೆ ಎದ್ದು ಹೋಗಿದ್ದರೆ ಎಲ್ಲ ಸರಿಯಾಗಿರುತ್ತಿತ್ತು. ಆದರೆ ಅವರ ಕಣ್ಣು ತಾಮ್ರದ ಬುಲೆಟ್ಟಿನ ಮೇಲೆ ಬಿತ್ತು. ಲೋಹದವರಲ್ಲವೆ, ಜೇಬಿನಿಂದ ಭೂತಗನ್ನಡಿ ಹೊರಗೆ ಬಂತು. ಎಸಳುಗಳು ಬಿಚ್ಚಿಯೂ ಮುರಿದಿಲ್ಲವಲ್ಲ, ಎಷ್ಟು ಶುದ್ಧ ತಾಮ್ರ, ಎಷ್ಟು ಕಾಯಿಸಿ ಮೆತ್ತಗೆ ಮಾಡಿದ್ದಾರೆ, ಸೀಸಕ್ಕಿಂತ ಹಗುರವಾದ್ದರಿಂದ ಉದ್ದ ಜಾಸ್ತಿ ಇಟ್ಟಿದ್ದಾರಾ ಎಂದು ಕೇಳುತ್ತಲೇ ಹೋದರು. ಕಂಪನಿಯ ಕಾಗದದಲ್ಲಿ ಇದ್ದಷ್ಟು ಹೇಳಿದೆ, ಇಲ್ಲದ್ದಕ್ಕೆ ಗೊತ್ತಿಲ್ಲ ಅಂದೆ. "ಆರಿಸೋದಾದ್ರೆ ತಾಮ್ರದ್ದೇ. ಸಂಶಯವೇ ಬೇಡ" ಎಂದು ಅವರೇ ನನಗೆ ತೀರ್ಪು ಕೊಟ್ಟರು. ಒಂದು ಗಂಟೆ ಕಳೆಯಿತು.

ಗೋಡೌನಿನಿಂದ ಮಾಲು ತರಲು ನಾನು ಹಿಂದಕ್ಕೆ ಹೋದಾಗ ಅವರಿಗೆ ಬಂದ ಕೆಲಸ ನೆನಪಾಯಿತು. ಸೇಠ್ ಹತ್ತಿರ ಹೋಗಿ ದನಿ ತಗ್ಗಿಸಿ ವಿಚಾರಿಸತೊಡಗಿದರು. ಈ ಹುಡುಗ ಎಷ್ಟು ವರ್ಷದಿಂದ ಇದ್ದಾನೆ? ಬೆಳಿಗ್ಗೆ ಎಷ್ಟು ಗಂಟೆಗೆ ಬರ್ತಾನೆ, ಸಂಜೆ ಎಷ್ಟಕ್ಕೆ ಹೋಗ್ತಾನೆ? ಒಬ್ಬನೇ ಹೋಗ್ತಾನಾ, ಜೊತೆಗೆ ಯಾರಾದರೂ ಇರ್ತಾರಾ? ಕುಡಿಯೋ ಅಭ್ಯಾಸ ಇದೆಯಾ? ಅಂಗಡಿ ಕೀಲಿಕೈ ಕೊಡುವಷ್ಟು ನಂಬಿಕೆ ಇದೆಯಾ?

ನಮ್ಮವರಲ್ಲಿ ಗಂಡನ್ನು ವಿಚಾರಿಸುವ ಪದ್ಧತಿಯೇ ಇದು, ಒಂದು ಪ್ರಶ್ನೆಯೂ ಹೆಚ್ಚಿಲ್ಲ. ಆದರೆ ಬಂದೂಕಿನ ಅಂಗಡಿಯ ಮಾಲೀಕನಿಗೆ, ಲೈಸೆನ್ಸ್ ಇಲ್ಲದೆ ಬಂದು ಇಲಿ ಹೊಡೆಯಲು ರೈಫಲ್ ಬುಲೆಟ್ ಕೇಳಿದವನು ಇವನ್ನೆಲ್ಲ ಕೇಳಿದರೆ ಹೇಗಿರಬೇಡ? ಸೇಠ್ ನಗುನಗುತ್ತ ಅವರಿಗೆ ಸ್ಪೆಷಲ್ ಚಾ ಹೇಳಿ, ಒಳಗೆ ಹೋಗಿ ಪೊಲೀಸರಿಗೆ ಫೋನ್ ಮಾಡಿದರು.

ಚಾ ಮುಗಿಯುವ ಮುಂಚೆ ಒಬ್ಬ ಇನ್‌ಸ್ಪೆಕ್ಟರು, ಇಬ್ಬರು ಕಾನ್‌ಸ್ಟೇಬಲ್ಲುಗಳು ಬಂದರು. "ಯಾಕೆ ಬಂದದ್ದು?" ಎಂದು ಕೇಳಿದರೆ ಇವರು ಬಾಯಿ ಬಿಡುತ್ತಿಲ್ಲ. ಹುಡುಗನ ಎದುರಿಗೇ ಹೇಗೆ ಹೇಳುವುದು? "ಐಸೇ ಹೀ, ದೇಖನೇ ಆಯಾ", ಸುಮ್ಮನೆ ನೋಡೋಕೆ ಬಂದೆ ಅನ್ನುತ್ತಾರೆ, ಬೆವರೊರೆಸುತ್ತಾರೆ.

ಇನ್‌ಸ್ಪೆಕ್ಟರ್ ನನ್ನನ್ನು ಕೇಳಿದರು, "ಇವರು ನಿನಗೆ ಗೊತ್ತಾ?"

"ಇಲ್ಲ ಸಾಹೇಬ್" ಅಂದೆ. ಇದ್ದದ್ದನ್ನೇ ಹೇಳಿದೆ.

ಜೇಬು ತೆಗೆಸಿದರು. ನಾಲ್ಕು ಮಡಿಕೆಯ ಒಂದು ಕಾಗದ ಬಂತು. ನಮ್ಮ ಕಡೆಯ ಜಾತಕ ಚೌಕ, ಸುತ್ತ ಹನ್ನೆರಡು ಮನೆ, ನಡುವೆ ಖಾಲಿ. ಮರಾಠಿಯವರು ಬರೆಯುವ ಕುಂಡಲಿಯ ರೂಪವೇ ಬೇರೆ. ಇನ್‌ಸ್ಪೆಕ್ಟರ್ ಕಾಗದವನ್ನು ನಾಲ್ಕೂ ಕಡೆ ತಿರುಗಿಸಿ ನೋಡಿದರು. "ಹನ್ನೆರಡು ಖೋಲಿ. ನಡುವೆ ದೊಡ್ಡ ಜಾಗ. ನಿಮ್ಮ ತಿಜೋರಿ ಎಲ್ಲಿದೆ ಸೇಠ್?"

"ನಡುವೇನೇ ಇದೆ ಸಾಬ್!" ಸೇಠ್ ತಲೆ ಮೇಲೆ ಕೈಯಿಟ್ಟುಕೊಂಡರು.

"ಈ ಖೋಲಿಗೆ ಕೆಂಪು ಪೆನ್ಸಿಲ್ ಗುರುತು ಯಾಕೆ? ಒಳಗೆ ನುಗ್ಗೋದು ಇಲ್ಲಿಂದಾನಾ?"

ಬರಹ ಕನ್ನಡದ್ದೆಂದು ಕಾಗದವನ್ನು ನನ್ನ ಕೈಗೆ ಕೊಟ್ಟರು. ನೋಡಿದರೆ ಅಮ್ಮನ ಅಕ್ಷರ. ಮೇಲೆ ನನ್ನ ಹೆಸರು, ನನ್ನ ನಕ್ಷತ್ರ. ಕೆಂಪು ಗುರುತಿದ್ದದ್ದು ಏಳನೆಯದಕ್ಕೆ, ಮದುವೆಯ ಮನೆಗೆ. "ಸಾಹೇಬ್, ಇದು ನಾನೇ" ಅಂದೆ.

"ಹಾಂ! ಒಳಗಿನ ಆಳು ಇವನೇ!" ಎಂದು ಸೇಠ್ ಕಿರುಚಿದರು. ಅಷ್ಟು ವರ್ಷದ ನಂಬಿಕೆ ಒಂದೇ ಕ್ಷಣದಲ್ಲಿ ಹೋಯಿತು. ನನಗೆ ಅಳುವೇ ಬಂತು. ಮದುವೆ ಇರಲಿ, ಇದ್ದ ಕೆಲಸವೂ ಹೋಯಿತಲ್ಲ ಅನ್ನಿಸಿತು.

ಆಗ ಆ ಹಿರಿಯರು ಎದ್ದು ನಿಂತು ಎಲ್ಲವನ್ನೂ ಹೇಳಿದರು. ಮಗಳಿದ್ದಾಳೆ, ಹುಡುಗನನ್ನು ನೋಡಲು ಬಂದೆ, ಇದು ಜಾತಕ, ಆ ಗುರುತು ನನ್ನದೇ. ಇನ್‌ಸ್ಪೆಕ್ಟರ್ ಅರ್ಧ ನಂಬಿದರು. "ಫೋನ್ ಬಂದಿದೆ, ನಾನು ಡೈರಿಯಲ್ಲಿ ಬರೀಲೇಬೇಕು. ನಿಮ್ಮ ಗುರುತು ಹೇಳೋಕೆ ಯಾರಾದರೂ ಸಂಬಂಧಿಕರು ಬೇಕು. ಇಲ್ಲಿ ಇದ್ದರೆ ಸರಿ, ಇಲ್ಲದಿದ್ದರೆ ಠಾಣೆಗೆ ನಡೀರಿ. ಜೀಪು ಕಳಿಸಿ ವಿಕ್ರೋಳಿಯಿಂದ ಮನೆಯವರನ್ನು ಕರೆಸೋಣ."

ಅವರಿದ್ದ ಕಂಪನಿ ಕಾಲೊನಿಯ ಗೇಟಿಗೆ ಪೊಲೀಸ್ ಜೀಪು! ಅವರು ಕಾನ್‌ಸ್ಟೇಬಲ್ಲನ್ನು ನೋಡಿದರು. ಕೌಂಟರಿನ ಮೇಲಿದ್ದ ತಾಮ್ರದ ಬುಲೆಟ್ಟನ್ನು ನೋಡಿದರು. ಕೊನೆಗೆ ನನ್ನನ್ನು ನೋಡಿದರು, ಅಡಿಯಿಂದ ಮುಡಿಯವರೆಗೆ, ನಿಧಾನವಾಗಿ.

"ಇದ್ದಾರೆ" ಅಂದರು. "ಇವರು ನನ್ನ ಅಳಿಯ. ಬರ್ಕೊಳ್ಳಿ."

ಇನ್‌ಸ್ಪೆಕ್ಟರ್ ನನ್ನ ಕಡೆ ತಿರುಗಿದರು. "ಹೌದೇನೋ? ಈಗ ತಾನೆ ಗೊತ್ತಿಲ್ಲ ಅಂದೆ?"

"ಆಗ ಗೊತ್ತಿರಲಿಲ್ಲ ಸಾಹೇಬ್. ಈಗ ಗೊತ್ತಾಯ್ತು."

ಅವರು ಡೈರಿ ಬಿಡಿಸಿ ಬರೆಯತೊಡಗಿದರು. ನನ್ನ ಹೆಸರು, ವಿಳಾಸ, ಸಂಬಂಧ ಎಲ್ಲ ಆಯಿತು. ಪೆನ್ನು ನಿಲ್ಲಿಸಿ ಕೇಳಿದರು, "ಹುಡುಗಿ ಹೆಸರು?"

ನಾನು ಮಾವನವರ ಕಿವಿಯ ಹತ್ತಿರ ಬಗ್ಗಿ ಕನ್ನಡದಲ್ಲಿ ಕೇಳಿದೆ, "ಸಾರ್, ನನ್ನ ಹೆಂಡತಿ ಹೆಸರೇನು?"