ಡೆಚಾಂಗನ ಅಣಬೆ ಪಥ್ಯ

ಡೆಚಾಂಗನ ಕರುಳಿನ ಉರಿಯೂತಕ್ಕೆ ಅಣಬೆಯೇ ಮದ್ದಾಗಬಹುದು ಎಂದು ಆಸ್ಪತ್ರೆಯವರು ಹೇಳಿದ್ದರು. ಆದರೆ ಆ ಮದ್ದು ಬೇಕಾದರೆ ಅವನು ಒಂದು ತಿಂಗಳು ಅಣಬೆ ಮುಟ್ಟಬಾರದಾಗಿತ್ತು. ಲಿಂಗ್‌ಝಿ ಅಣಬೆಯ ಸತ್ವವನ್ನು ಗುಳಿಗೆ ಮಾಡಿ ಪರೀಕ್ಷಿಸುತ್ತಿದ್ದರು. ಹೊಟ್ಟೆಯಲ್ಲಿ ಬೇರೆ ಅಣಬೆಯಿದ್ದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ನ್ಯಾಯವಾದ ಮಾತೇ. ಆದರೆ ಡೆಚಾಂಗ್ ಇದ್ದದ್ದು ಝೆಜಿಯಾಂಗ್ ಪ್ರಾಂತ್ಯದಲ್ಲಿ, ಅಣಬೆ ಬೆಳೆದೇ ಬದುಕುವ ಬೆಟ್ಟದ ಊರಿನಲ್ಲಿ. ಅಲ್ಲಿ ಅಣಬೆಗೆ ದೇವರಿದ್ದಾನೆ, ದೇವರಿಗೆ ಗುಡಿಯಿದೆ.

ಬಸ್ ನಿಲ್ದಾಣದಲ್ಲಿ ಟಿಕೆಟ್ ಹರಿಯುವ ಕೆಲಸ ಅವನದು. ಅರ್ಧ ಹರಿದ ಟಿಕೆಟ್ ಕೈಯಲ್ಲೇ ಹಿಡಿದು ಶೌಚಾಲಯಕ್ಕೆ ಓಡಿ ಓಡಿ ಅವನಿಗೆ ಸಾಕಾಗಿತ್ತು. ಪಥ್ಯದ ತಿಂಗಳು ಅಂದಿಗೆ ಮುಗಿದಿತ್ತು; ಗುಳಿಗೆ ಯಾರಿಗೆ ಎಂಬುದು ಮಧ್ಯಾಹ್ನ ಆಸ್ಪತ್ರೆಯಲ್ಲಿ ತೀರ್ಮಾನವಾಗಲಿತ್ತು.

ಬೆಳಿಗ್ಗೆಯೇ ಪಕ್ಕದ ಮನೆಯ ಶೀ ಅಜ್ಜಿ ಲಿಂಗ್‌ಝಿ ಕಷಾಯದ ಬಟ್ಟಲು ಹಿಡಿದು ಬಂದರು.

"ಕುಡಿ ಮಗಾ. ನಮ್ಮನೆಯವರಿಗೂ ಇದೇ ಕಾಯಿಲೆ. ಹಟ ಮಾಡಿ ಕುಡೀಲಿಲ್ಲ, ಹೋಗ್ಬಿಟ್ರು."

"ಅಜ್ಜಿ, ಡಾಕ್ಟ್ರು ಬೇಡ ಅಂದಿದಾರೆ."

"ಅಣಬೆ ಗುಳಿಗೆ ಕೊಡೋಕೆ ಅಣಬೆ ಬಿಡಬೇಕಾ? ಮೊದ್ಲು ಆ ಡಾಕ್ಟ್ರಿಗೆ ಮದ್ದು ಕೊಡ್ಸು!"

ಅಜ್ಜಿಯ ಕಣ್ಣು ತುಂಬಿತ್ತು. ಬೇಡವೆನ್ನಲು ಬಾಯಿ ಬಾರದೆ ಡೆಚಾಂಗ್ ಒಂದು ಸುಳ್ಳು ಹೇಳಿದ. "ಅಣಬೆ ಬಿಡ್ತೀನಿ ಅಂತ ಹರಕೆ ಹೊತ್ತಿದ್ದೀನಿ ಅಜ್ಜಿ."

"ಯಾವ ದೇವರಿಗೆ?"

ಆ ಗಳಿಗೆಯಲ್ಲಿ ಅವನಿಗೆ ಹೊಳೆದದ್ದು ಒಬ್ಬನೇ ದೇವರು. "ಅಣಬೆ ದೇವರಿಗೆ."

"ಅಯ್ಯೋ ಪಾಪಿ! ಅಡುಗೆಯವನ ಮನೆಗೇ ಹೋಗಿ ನಿನ್ನ ಅಡುಗೆ ಬೇಡ ಅಂದ ಹಾಗಾಯ್ತಲ್ಲೋ!"

ಅವನು ನಿಲ್ದಾಣ ಸೇರುವ ಮೊದಲೇ ಸುದ್ದಿ ಸೇರಿತ್ತು. ಜೊತೆಗೆ ಕೆಲಸ ಮಾಡುವ ಲೂ ಅವನ ರಟ್ಟೆ ಹಿಡಿದ. "ನಡಿಯಣ್ಣ, ತಪ್ಪುಕಾಣಿಕೆ ಹಾಕು. ಈ ವರ್ಷದ ಬೆಳೆ ಹಾಳಾದ್ರೆ ಊರೇ ನಿನ್ನ ಬೈಯುತ್ತೆ." ನಾಲ್ಕು ಜನ ಸೇರಿ, ಕಳ್ಳ ಎತ್ತನ್ನು ಎಳೆದೊಯ್ಯುವಂತೆ ಅವನನ್ನು ಗುಡಿಗೆ ಎಳೆದೊಯ್ದರು. ಅರ್ಚಕರು ಅಣಬೆ ಹೂರಣದ ಬಿಸಿ ಕಡುಬನ್ನು ಅವನ ಬಾಯಿಗೇ ಹಿಡಿದರು.

"ತಿನ್ನಪ್ಪ, ದೇವರು ಕ್ಷಮಿಸ್ತಾನೆ."

ಆಗ ಹೊಟ್ಟೆ ಗುಡುಗಿತು. ಇಷ್ಟು ವರ್ಷ ಶತ್ರುವಾಗಿದ್ದ ಕರುಳು ಅಂದು ಮೊದಲ ಸಲ ಉಪಕಾರ ಮಾಡಿತು. "ಬಂದೆ, ಬಂದೆ" ಎನ್ನುತ್ತ ಡೆಚಾಂಗ್ ಗುಡಿಯ ಹಿಂದಿನ ಶೌಚಾಲಯಕ್ಕೆ ಓಡಿದ. ಅಲ್ಲಿಂದ ಗೋಡೆ ಹಾರಿ, ಪ್ಯಾಂಟಿನ ಮೊಣಕಾಲು ಹರಿದುಕೊಂಡು ಆಸ್ಪತ್ರೆ ಸೇರಿದ.

ಅಲ್ಲಿ ಹೆಂಡತಿ ಚಿಯೊಲಿಯನ್ ಕಾದಿದ್ದಳು. ಪಥ್ಯ ಹಿಡಿದದ್ದಕ್ಕೆ ಮನೆಯವರ ಸಾಕ್ಷಿ ಬೇಕಾಗಿತ್ತು.

ಡಾಕ್ಟರ್ ಫಾಂಗ್ ಪರೀಕ್ಷೆಯ ಫಲಿತಾಂಶ ನೋಡಿ ತಲೆಯಾಡಿಸಿದರು. "ಎಲ್ಲ ಸರಿಯಾಗಿದೆ. ಅಣಬೆ ತಿಂದಿಲ್ಲ ತಾನೆ?"

"ಒಂದು ಚೂರೂ ಇಲ್ಲ ಡಾಕ್ಟ್ರಮ್ಮ," ಎಂದಳು ಚಿಯೊಲಿಯನ್ ಹೆಮ್ಮೆಯಿಂದ. "ನಮ್ಮಮ್ಮ ಕಳಿಸಿದ ಅಣಬೆ ಬುಟ್ಟೀನೂ ವಾಪಸ್ ಕಳಿಸ್ದೆ."

ಡಾಕ್ಟರ್ ಸಹಿಗೆ ಪೆನ್ನು ತೆಗೆದರು. "ಮತ್ತೆ ಏನು ಕೊಟ್ರಿ?"

"ಬರೀ ಗಂಜಿ. ಪಾಪ, ಗಂಟಲಲ್ಲಿ ಇಳೀಬೇಕಲ್ಲ, ರುಚಿಗೆ ಒಂದೊಂದು ಚಮಚ ಪುಡಿ."

"ಯಾವ ಪುಡಿ?"

"ಒಣ ಅಣಬೆ ಕುಟ್ಟಿದ್ದು."

ಪೆನ್ನು ನಿಂತಿತು. "ಅದು ಅಣಬೆ ಅಲ್ವೇನಮ್ಮ?"

ಚಿಯೊಲಿಯನ್ ನಿಜವಾಗಿಯೂ ಬೆರಗಾದಳು. "ಅದೆಂಥ ಅಣಬೆ? ಉಪ್ಪಿನ ಡಬ್ಬಿ ಪಕ್ಕ ಇರುತ್ತೆ!"

ಬರುವ ವರ್ಷ ಗುಳಿಗೆ ಪರೀಕ್ಷೆಯ ಮುಂದಿನ ತಂಡದಲ್ಲಿ ನೋಡೋಣ ಎಂದು ಡಾಕ್ಟರ್ ಪೆನ್ನು ಮುಚ್ಚಿದರು.

ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತರು.

"ಬೈಯಲ್ವಾ?" ಎಂದಳು ಅವಳು.

"ಬೈಯೋಕೂ ಶಕ್ತಿ ಬೇಕಲ್ಲ."

"ಸಂಜೆಗೆ ಗಂಜೀನೇ ಮಾಡ್ಲಾ? ಪುಡಿ ಹಾಕಲ್ಲ, ದೇವರಾಣೆ."

ಡೆಚಾಂಗ್ ನಿಟ್ಟುಸಿರುಬಿಟ್ಟ. "ಎರಡು ಚಮಚ ಹಾಕು."