ಮನೆ ನೋಡಲು ಬಂದವರು

ಮಲ್ಲುವಿನ ಹೊಸ ಮನೆಯ ಮುಂಭಾಗವೆಲ್ಲ ಗಾಜು. ಅದೂ ಪಶ್ಚಿಮಕ್ಕೆ. ಕಲಬುರಗಿಯಂಥ ಊರಲ್ಲಿ ಪಶ್ಚಿಮಕ್ಕೆ ಗಾಜು ಕೂರಿಸುವವನು ಒಂದೋ ಹುಚ್ಚ, ಇಲ್ಲವೇ ಗಾಜಿನ ಅಂಗಡಿಯವನು. ಮಲ್ಲು ಅಂಗಡಿಯವನು.

ಆ ದಿನ ಹೆಣ್ಣಿನ ಕಡೆಯವರು ಮನೆ ನೋಡಲು ಬಂದಿದ್ದರು. ಹುಡುಗಿ ಶೀಲಾ ಜೊತೆಗೆ ಬಂದಿರದಿದ್ದರೂ ಮಲ್ಲುವಿನ ಮನಸ್ಸಿನಲ್ಲಿ ಆಗಲೇ ಕೂತುಬಿಟ್ಟಿದ್ದಳು. ಕುಲ, ಮನೆತನ ಎಲ್ಲ ವಿಚಾರಿಸಿ ಆಗಿತ್ತು. ಮನೆಯೊಂದು ಒಪ್ಪಿಗೆಯಾದರೆ ಮದುವೆ. ಅಪ್ಪ ಅವ್ವ ಇಲ್ಲದ ಮಲ್ಲುವಿಗೆ ಹಿರಿಯಳಾಗಿ ಪಕ್ಕದ ಮನೆಯ ರಮಾಬಾಯಿ ಕರೆಯದೆಯೇ ಬಂದು ಕೂತಿದ್ದಳು.

ಚಹಾ ಬರುವಷ್ಟರಲ್ಲಿ ಕರೆಂಟು ಹೋಯಿತು. ಕೂಲರು ಒಮ್ಮೆ ನರಳಿ ಸುಮ್ಮನಾಯಿತು. ಹುಡುಗಿಯ ಸೋದರಮಾವ ಅಣವೀರಪ್ಪ ಬೆಣ್ಣೆಯ ಗೊಂಬೆಯಂತೆ ಸೋಫಾದ ಮೇಲೆ ಕರಗತೊಡಗಿದ.

"ತಮ್ಮಾ, ಇದು ಮನಿಯೋ ಭಟ್ಟಿಯೋ?" ಎಂದಳು ಹುಡುಗಿಯ ಅಜ್ಜಿ ಸೂಗಮ್ಮ. "ನಮ್ಮ ಹುಡುಗಿಗೆ ಒಲಿ ಹಚ್ಚೋ ಕೆಲಸಿಲ್ಲ ಬಿಡು. ರೊಟ್ಟಿ ಬಡಿದು ನೆಲದ ಫರ್ಶಿ ಮ್ಯಾಲ ಒಗದರ ಸಾಕು."

"ಈಗ ಬರ್ತದ್ರಿ ಕರೆಂಟು, ಈಗ ಬರ್ತದ..." ಮಲ್ಲು ಪತ್ರಿಕೆ ಹಿಡಿದು ಗಾಳಿ ಬೀಸಿದ.

ರಮಾಬಾಯಿಗೆ ತಡೆಯಲಾಗಲಿಲ್ಲ. "ಯಾಕೋ ಮಲ್ಲು, ಕಮಲಾಪುರದಾಗ ನಿಮ್ಮ ಮುತ್ಯಾನ ಮನಿ ಅದ ಅಲ್ಲ? ಕಾರಿನ್ಯಾಗ ಕರಕೊಂಡು ನಡಿ. ಗವಿ ಹಂಗ ತಂಪ್ರಿ ಯಕ್ಕಾ!"

ಮಲ್ಲು ಪತ್ರಿಕೆ ಬೀಸುವುದನ್ನು ನಿಲ್ಲಿಸಿದ. ಅಜ್ಜನ ಕಾಲದ ಮಣ್ಣಿನ ಮಾಳಿಗೆ ಮನೆಯೆಂದರೆ ಮರ್ಯಾದೆ ಕಡಿಮೆಯಾದೀತೆಂದು, ಅದು ಬಿದ್ದುಹೋಗಿದೆ ಎಂದು ಇವರಿಗೆ ಹೇಳಿದ್ದ.

"ಬಿದ್ದದ ಅಂದಿದ್ದಿ?" ಅಜ್ಜಿ ಹುಬ್ಬೇರಿಸಿದಳು.

"ಅದು... ಒಂದು ಗ್ವಾಡಿ ಬಿದ್ದಿತ್ರಿ. ಮತ್ತ ಎದ್ದು ನಿಂತದ."

ಕಮಲಾಪುರದಲ್ಲಿ ಬಾಗಿಲು ತೆರೆದವನು ಮಲ್ಲುವಿನ ದೊಡ್ಡಪ್ಪನ ಮಗ ವಿವೇಕಾನಂದ. ಕೆಂಪು ಬಾಳೆಯ ತೋಟದವನು, ಮಾತು ಕಡಿಮೆ. ಗಿಡ್ಡ ಬಾಗಿಲಿಗೆ ಎಲ್ಲರೂ ತಲೆ ಬಾಗಿಸಿದರು. ಮನೆ ತೋರಿಸುವ ಅವಸರದಲ್ಲಿ ಮಲ್ಲು ಹಣೆ ಚಚ್ಚಿಕೊಂಡ.

ಒಳಗೆ ಮೊಳಕ್ಕಿಂತ ದಪ್ಪದ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಬೆಳಕಿಂಡಿಯಿಂದ ಇಳಿದ ಒಂದೇ ಒಂದು ತುಂಡು ಬಿಸಿಲು ನೆಲದ ಮೇಲೆ ಬೆಕ್ಕಿನಂತೆ ಮಲಗಿತ್ತು. ವಿವೇಕಾನಂದ ಮಜ್ಜಿಗೆ ಕೊಟ್ಟು ಚಾಪೆ ಹಾಸಿದ. ಅಣವೀರಪ್ಪ "ಭಾಳ ಬೇಸ್ ಅದ..." ಎನ್ನುತ್ತಲೇ ಗೊರಕೆಗೆ ಇಳಿದ. ಅಜ್ಜಿ, ರಮಾಬಾಯಿ ಅವನನ್ನೇ ಹಿಂಬಾಲಿಸಿದರು. ಮಲ್ಲು ಮಾತ್ರ ಹಣೆಯ ಮೇಲೆದ್ದ ಬುಗುಟು ಒತ್ತಿಕೊಳ್ಳುತ್ತ ದೇವರಿಗೆ ಕೈ ಮುಗಿಯುತ್ತಿದ್ದ.

ಹೊತ್ತು ಇಳಿದ ಮೇಲೆ ಎದ್ದ ಅಣವೀರಪ್ಪನ ಮುಖ ತೊಳೆದ ಹಿತ್ತಾಳೆಯಂತೆ ಹೊಳೆಯುತ್ತಿತ್ತು. "ಮನಿ ಅಂದ್ರ ಇದು! ನಮಗ ಒಪ್ಪಿಗಿ."

ಮಲ್ಲು ಕುಣಿಯುವುದೊಂದು ಬಾಕಿ.

"ಇದರಾಗ ನಿನ್ನ ಪಾಲು ಎಷ್ಟು, ತಮ್ಮಾ?" ಅಜ್ಜಿ ಕೇಳಿದಳು.

"ಏನೂ ಇಲ್ರಿ!" ಮಲ್ಲು ಹೆಮ್ಮೆಯಿಂದ ಎದೆ ಉಬ್ಬಿಸಿದ. "ಎಲ್ಲಾ ಅಣ್ಣಗ ಬಿಟ್ಟುಕೊಟ್ಟು, ಆ ಗಾಜಿನ ಮನಿ ಕಟ್ಟಿಸೀನಿ."

ಅಜ್ಜಿ, ಅಣವೀರಪ್ಪ ಮುಖ ಮುಖ ನೋಡಿಕೊಂಡರು. ಆಮೇಲೆ ಇಬ್ಬರೂ ವಿವೇಕಾನಂದನನ್ನು ನೋಡಿದರು.

"ಲಗ್ನ ಆಗ್ಯಾದೇನಪ್ಪಾ?" ಅಜ್ಜಿ ಅವನನ್ನು ಕೇಳಿದಳು.

"ಇಲ್ರಿ," ಎಂದು ಅವನು ನೆಲ ನೋಡಿದ.

"ಕುಲ ಒಂದ, ಮನೆತನ ಒಂದ," ಅಣವೀರಪ್ಪ ತೊಡೆ ತಟ್ಟಿದ. "ನಾವು ಮಾಡಿದ ವಿಚಾರಣಿ ಒಂದೂ ಹಾಳಾಗಂಗಿಲ್ಲ!"

ಅಜ್ಜಿ ಆಗಲೇ ಶೀಲಾಳಿಗೆ ಫೋನು ಹಚ್ಚಿದ್ದಳು. ಮಾತು ಮುಗಿಸಿ, ಮಲ್ಲುವಿನ ಕಡೆ ಪ್ರೀತಿಯಿಂದ ತಿರುಗಿದಳು.

"ಹುಡುಗನ ಫೋಟೋ ಕಳಸ್ರಿ ಅನ್ನಾಕತ್ತಾಳ. ನಿನ್ನ ಫೋನು ದೊಡ್ಡದದ ನೋಡು, ನಿಮ್ಮ ಅಣ್ಣಂದೊಂದು ಚಂದಾಗಿ ತೆಗಿಯಪ್ಪಾ."

ಮಲ್ಲು ತೆಗೆದ. ಫೋಟೋ ಮಸುಕಾಗಿ ಬಂತು.

ಅಜ್ಜಿ ಇನ್ನೊಂದು ತೆಗೆಸಿದಳು.