ಯಾವ ದೇವರದೂ ಅಲ್ಲದ ಬಣ್ಣ

ನಾಟಕದಲ್ಲಿ ಒಳ್ಳೆಯವನಿಗೆ ಅಂಗಿ ಹೊಲಿಯುವುದು ಸುಲಭ. ರಾಜನಾದರೆ ಜರಿ ಅಂಚು ಹಚ್ಚಿದರಾಯಿತು, ಋಷಿಯಾದರೆ ಅದೂ ಬೇಡ. ಕೆಟ್ಟವನಿಗೆ ಹೊಲಿಯುವುದು ಕಷ್ಟ. ಅವನು ದೇವರ ಹೆಸರು ಹೇಳಿಕೊಂಡು ಕೆಟ್ಟವನಾಗಿದ್ದರಂತೂ ಕತ್ತರಿಯೇ ಮುಂದೆ ಹೋಗುವುದಿಲ್ಲ. ಇದನ್ನು ನಾನು ಓದಿ ಹೇಳುತ್ತಿಲ್ಲ. ಸಾಲಿಗೆ ಮೂರನೆಯ ಜಮಾತಿನಲ್ಲೇ ಶರಣು ಹೊಡೆದವನು ಓದಿ ಏನು ಹೇಳಿಯಾನು? ಹೊಲಿದು ಹೇಳುತ್ತಿದ್ದೇನೆ. ಕುಷ್ಟಗಿಯ ಪ್ಯಾಟಿಯಲ್ಲಿ ಆಗ ಮನೆಯ ಮುಂಭಾಗದಲ್ಲೇ ನನ್ನದು ಒಂದು ಮಷೀನಿನ ಅಂಗಡಿ. ನಾನು ಕತ್ತರಿಸಿದ ಅಂಗಿ ಬಗಲಲ್ಲಿ ಹಿಡಿಯಿತು ಎಂದವರು ಊರಲ್ಲಿ ಯಾರೂ ಇರಲಿಲ್ಲ. ಇದ್ದವರು ನನ್ನೆದುರು ಅನ್ನುತ್ತಿರಲಿಲ್ಲ.

ನಿಜಾಮರ ಆಳ್ವಿಕೆಯ ಕಾಲ. ಸರಕಾರಿ ಸಾಲಿಯ ಭೀಮಸೇನ ಮಾಸ್ತರರು ಆ ವರ್ಷ ಒಂದು ನಾಟಕ ಬರೆದರು. ರಾಜನಿಗೆ ಕಾಯಿಲೆ. ಅವನು ಮಲಗಿದ್ದನ್ನು ನೋಡಿ ರಾಜಗುರು ಸಿಂಹಾಸನ ಏರುತ್ತಾನೆ. ದೇವರು ನನ್ನ ಕಿವಿಯಲ್ಲಿ ಮಾತಾಡುತ್ತಾನೆ ಎನ್ನುತ್ತಾನೆ. ರಾಜ್ಯದಲ್ಲೆಲ್ಲ ಒಂದೇ ಪೂಜೆ, ಒಂದೇ ಹಾಡು. ಬೇರೆ ಹಾಡು ಹಾಡಿದವರಿಗೆ ಗಡಿಪಾರು. ತಿಗರಿ ತಿರುಗಿಸುತ್ತ ತನ್ನ ಹಾಡು ತಾನು ಹಾಡಿಕೊಳ್ಳುವ ಒಬ್ಬ ಬಡ ಕುಂಬಾರನನ್ನು ಹಿಡಿದು ತರಿಸಿ, ಅವನ ತಿಗರಿ ಮುರಿಸುತ್ತಾನೆ. ಇದು ಅಂಜಬೇಕಾದ ಕಥೆ ಎಂದರು ಮಾಸ್ತರರು.

"ಇದರಾಗ ಅಂಥಾ ಅಂಜಿಕಿ ಏನೈತ್ರಿ ಮಾಸ್ತರ? ಕೆಟ್ಟ ರಾಜರು ಎಲ್ಲಾ ನಾಟಕದಾಗೂ ಇರ್ತಾರ" ಎಂದೆ.

"ಅಲ್ಲೋ ವಿಠೋಬಾ, ಅಮೀನ ಹುಕುಂ ಹೊರಡಿಸಿದ್ರ ತಹಶೀಲದಾರನ ಹತ್ರ ಹೋಗಬಹುದು. ತಹಶೀಲದಾರ ಹೊರಡಿಸಿದ್ರ ಸುಬೇದಾರನ ಹತ್ರ. ದೇವರ ಹೆಸರಲೆ ಹೊರಡಿಸಿದ ಹುಕುಮಿಗೆ ಅಪೀಲು ಎಲ್ಲಿ ಹಾಕ್ತಿ?" ಎಂದರು ಮಾಸ್ತರರು.

ಅಪೀಲೇ ಇಲ್ಲದ ಆ ರಾಜಗುರುವಿನ ಪಾತ್ರವನ್ನು ಅವರು ನನಗೇ ಕೊಟ್ಟರು. ಮಷೀನಿನ ಸದ್ದಿನ ಮೇಲೆ ಗಿರಾಕಿಗಳ ಜೊತೆ ಮಾತಾಡಿ ಮಾತಾಡಿ ನನ್ನ ಗಂಟಲು ಅರ್ಧ ಪ್ಯಾಟಿಗೆ ಕೇಳುವಂತಾಗಿತ್ತು. ಮಾಸ್ತರರು ಓದಿ ಹೇಳಿದ ಮಾತನ್ನೆಲ್ಲ ಎಂಟು ದಿನದಲ್ಲಿ ಬಾಯಿಪಾಠ ಮಾಡಿದೆ. ಸಾಲಿ ಕಲಿತವರಿಗೆ ಹದಿನೈದು ದಿನ ಬೇಕಾಯಿತು ಎಂಬುದನ್ನು ಇಲ್ಲಿ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ.

ತಾಲೀಮು ನಾಟಕಕ್ಕಷ್ಟೇ ನಿಲ್ಲಲಿಲ್ಲ, ಮನೆಯವರೆಗೂ ಬಂತು. ಪಲ್ಯಕ್ಕೆ ಉಪ್ಪು ಹೆಚ್ಚಾದ ದಿನ ಕೈ ಎತ್ತಿ, "ಈಕೆಯನ್ನು ಗಡಿಪಾರು ಮಾಡಿ!" ಎಂದು ಗರ್ಜಿಸಿದೆ. ನನ್ನ ಹೆಂಡತಿ ಗಂಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೇ ಇಲ್ಲ. "ಮಾಡ್ರಿ. ನಿಜಾಮರ ಗಡಿ ದಾಟಿದ್ರ ಗಜೇಂದ್ರಗಡ, ನನ್ನ ತವರಮನಿ. ಬಂಡಿ ಯಾವಾಗ ಹೂಡಸ್ತೀರಿ?" ಎಂದಳು. ಮರುದಿನದಿಂದ ಉಪ್ಪು ಎಷ್ಟಿದ್ದರೂ ನಾನೇ ಹೊಂದಿಕೊಂಡು ಉಂಡೆ.

ನಾಟಕ ಆಡಲು ಠಾಣೆಯ ಇಜಾಜತ್, ಅಂದರೆ ಪರವಾನಗಿ, ಬೇಕು. ಅರ್ಜಿಗೆ ಸಹಿ ಮಾಸ್ತರರದು. ಠಾಣೆಯ ಅಮೀನ ಸಾಹೇಬರು ಮನುಷ್ಯ ಕೆಟ್ಟವರಲ್ಲ. ಅವರ ಶೇರವಾನಿ ನಾನೇ ಹೊಲಿದಿದ್ದೆ. ಕಥೆಯನ್ನೆಲ್ಲ ಕೇಳಿಸಿಕೊಂಡು, "ಈ ಗುರು ಯಾರವನು? ನಿಮ್ಮವನೋ ನಮ್ಮವನೋ?" ಎಂದರು.

"ಯಾರವನೂ ಅಲ್ರಿ ಸಾಹೇಬ್ರ" ಎಂದರು ಮಾಸ್ತರರು.

"ಅದ ಕಷ್ಟ ನೋಡ್ರಿ. ಯಾರವನೂ ಅಲ್ಲ ಅಂದ್ರ ಎಲ್ಲಾರೂ ನಮ್ಮವಗ ಬೈದ್ರು ಅಂತ ಬರ್ತಾರ. ಆಡ್ರಿ. ಆದ್ರ ಅವನ ಮೈ ಮ್ಯಾಲ ಯಾವ ಮಜಹಬಿನ, ಯಾವ ಮತದ ಬಣ್ಣಾನೂ ಇರಬಾರದು. ಒಂದ ಒಂದು ಫಿರ್ಯಾದಿ ಬಂತಂದ್ರ ನಿಮ್ಮ ನೌಕರಿ ಕಾಗದ ಮ್ಯಾಲಕ್ಕ ಹೋಗ್ತೈತಿ ಮಾಸ್ಟರ್ ಸಾಬ್. ಆಮ್ಯಾಲ ನನ್ನ ಕೈಯಾಗ ಏನೂ ಇಲ್ಲ."

ಮಾಸ್ತರರ ಮನೆಯಲ್ಲಿ ವಯಸ್ಸಾದ ತಾಯಿ, ಮೂರು ಹೆಣ್ಣುಮಕ್ಕಳು. ಆ ನೌಕರಿ ಬಿಟ್ಟರೆ ಅವರಿಗೆ ಬೇರೆ ಕಸುಬು ಗೊತ್ತಿಲ್ಲ. ಅಂದು ಸಂಜೆಯೇ ಮಠದ ಕಾರಭಾರ ನೋಡುವ ಬಸಪ್ಪ ಶೆಟ್ಟರು ನನ್ನ ಅಂಗಡಿಗೆ ಬಂದು ಕೂತರು. "ಕಾವಿ ಗೀವಿ ಹಾಕ್ಕೊಂಡು ಕುಣದೀಯೋ ವಿಠೋಬಾ, ಫಿರ್ಯಾದಿ ಮೊದಲು ನಮ್ಮಿಂದನ ಹೋಗ್ತೈತಿ ನೋಡು" ಎಂದು ನಕ್ಕರು. ನಗುವಂತೂ ಕಂಡಿತು, ತಮಾಷೆ ಮಾತ್ರ ಕಾಣಲಿಲ್ಲ. ಹೀಗೆ ಮಾಸ್ತರರ ನೌಕರಿ ನನ್ನ ಸೂಜಿಯ ತುದಿಗೆ ಬಂದು ನಿಂತಿತು.

ನಾನು ಬಣ್ಣ ಹುಡುಕತೊಡಗಿದೆ. ಹಸಿರು ಅರಿವೆಯ ಥಾನು ಬಿಚ್ಚಿದೆ. "ಮೊಹರಮ್ಮಿನಾಗ ಅಲಾಯಿ ದೇವರಿಗೆ ಏನು ಏರಸ್ತಾರ?" ಎಂದಳು ಗಂಗವ್ವ. ಸುತ್ತಿಟ್ಟೆ. ಬಿಳಿಯದು ತೆಗೆದರೆ ಮಾರವಾಡಿ ಮಂದಿಯ ಜೈನ ಗುರುಗಳ ನೆನಪು ಮಾಡಿದಳು. ಹಳದಿ ಎಂದರೆ ಮೈಲಾರಲಿಂಗನ ಭಂಡಾರ, ಕರಿಯದೆಂದರೆ ಅವನದೇ ಗೊರವಯ್ಯಗಳ ಕಂಬಳಿ, ಕೆಂಪು ಎಂದ ಕೂಡಲೇ ಹುಲಿಗೆಮ್ಮನ ಹೆಸರು ಹೇಳಿ ಗಲ್ಲ ಗಲ್ಲ ಬಡಿದುಕೊಂಡಳು. ಕೊನೆಗೆ ನೀಲಿ ಉಳಿಯಿತು. ಗೆದ್ದೆ ಎಂದುಕೊಂಡು ಅಳತೆಪಟ್ಟಿ ಎತ್ತಿದೆ.

"ಕೃಷ್ಣ ಪರಮಾತ್ಮ ಯಾವ ಬಣ್ಣ ಅದಾನ್ರಿ?"

"ಅದು ಮೈಬಣ್ಣ ಗಂಗಾ, ಅಂಗಿ ಬಣ್ಣಲ್ಲ."

"ಫಿರ್ಯಾದಿ ಕೊಡಾವರು ಮೈಯಿ ಯಾವದು ಅಂಗಿ ಯಾವದು ಅಂತ ನೋಡ್ತಾರನು?"

ಅಳತೆಪಟ್ಟಿ ಕೆಳಗಿಟ್ಟೆ. ನಮ್ಮ ಸುತ್ತಿನ ನಾಲ್ಕು ತಾಲೂಕುಗಳಲ್ಲಿ ದೇವರು ಮಳೆಯ ವಿಷಯದಲ್ಲಿ ಕೈ ಬಿಗಿ ಹಿಡಿದರೂ ಬಣ್ಣದ ವಿಷಯದಲ್ಲಿ ಒಂದನ್ನೂ ಬಿಟ್ಟುಕೊಟ್ಟಿಲ್ಲ. ಎರಡು ದಿನ ಅಂಗಡಿಯಲ್ಲಿ ಮಷೀನು ತಿರುಗಲಿಲ್ಲ. ಮಾಸ್ತರರು ದಿನಕ್ಕೆ ಮೂರು ಸಲ ಬಂದು ಬಾಗಿಲಲ್ಲಿ ನಿಂತು, ಸುತ್ತಿಟ್ಟ ಥಾನುಗಳನ್ನು ಎಣಿಸಿ ಹೋಗುತ್ತಿದ್ದರು.

ಮೂರನೆಯ ದಿನ ಗಂಗವ್ವ ಮಷೀನಿನ ಕೆಳಗಿನ ಚಿಂದಿಯ ಚೀಲ ಎಳೆದು ನಡುಮನೆಯಲ್ಲಿ ಸುರಿದಳು. ವರ್ಷಗಟ್ಟಲೆ ಊರಿನ ಎಲ್ಲ ಜಾತಿ, ಎಲ್ಲ ಮತದವರ ಅಂಗಿ ಕುಪ್ಪಸಗಳಿಂದ ಉಳಿದ ಚೂರುಗಳು. "ಒಂದ ಬಣ್ಣ ಇದ್ರ ಒಬ್ರು ಬರ್ತಾರ. ಎಲ್ಲಾ ಬಣ್ಣ ಇದ್ರ ಯಾರು ಬರ್ತಾರ? ಕೌದಿ ಹೊಲದಂಗ ಹೊಲೀತೀನಿ, ಸುಮ್ಕ ಕೂಡ್ರಿ" ಎಂದಳು.

ನನಗೆ ಮೈ ಉರಿಯಿತು. ಕೌದಿ ಎಂದರೆ ಹೆಣ್ಣುಮಕ್ಕಳು ಮಧ್ಯಾಹ್ನ ಕಟ್ಟೆಯ ಮೇಲೆ ಕೂತು, ಹಳೆಯ ಚೂರುಗಳನ್ನು ಕೈಹೊಲಿಗೆಯಲ್ಲಿ ಕೂಡಿಸುವ ಹೊದಿಕೆ. ಸಿಂಪಿಗನಾದವನು ಅದನ್ನು ಹೊದ್ದುಕೊಳ್ಳಬಹುದು, ಹೊಲಿಯಬಾರದು. ಉಟ್ಟುಕೊಂಡು ನಾಲ್ಕು ಜನರ ಮುಂದೆ ಸಿಂಹಾಸನದ ಮೇಲೆ ಕೂರುವುದಂತೂ ಕಂಡು ಕೇಳರಿಯದ ಮಾತು. "ಊರಿಗೆಲ್ಲಾ ಅಂಗಿ ಹೊಲಿಯಾವ ತಾನು ಚಿಂದಿ ಉಟ್ಕೊಂಡ ಅಂತಾರ" ಎಂದೆ. ಅವಳು ದಾರ ಪೋಣಿಸುತ್ತ, "ಮಾಸ್ತರ ನೌಕರಿ ಹೋದ್ರ ಏನಂತಾರ?" ಎಂದಳು. ನಾನು ತೋಳಿನ ಅಳತೆ ಕೊಟ್ಟೆ.

ನಾಟಕದ ದಿನ ಗ್ಯಾಸಬತ್ತಿ ಹಚ್ಚುವ ಹೊತ್ತಿಗೇ ಜನ ಕಿಕ್ಕಿರಿದಿದ್ದರು. ಮುಂದಿನ ಎರಡು ಕುರ್ಚಿಯಲ್ಲಿ ಅಮೀನ ಸಾಹೇಬರು, ಬಸಪ್ಪ ಶೆಟ್ಟರು. ನಾನು ನೆಲ ಮುಟ್ಟುವ ಆ ಕೌದಿಯಂಗಿ ತೊಟ್ಟು ಬಂದಾಗ ಜನರಲ್ಲಿ ಒಂದು ಗುಜುಗುಜು ಎದ್ದಿತು. ಸಿಂಹಾಸನ ಏರಿದೆ. ಹೇಳಿದರೆ ನಂಬುತ್ತೀರೋ ಇಲ್ಲವೋ, ಅಲ್ಲಿ ಕೂತು ಎರಡು ಹುಕುಂ ಹೊರಡಿಸುವಷ್ಟರಲ್ಲಿ ದೇವರು ನಿಜವಾಗಿಯೂ ನನ್ನ ಕಿವಿಯಲ್ಲಿ ಮಾತಾಡತೊಡಗಿದ್ದ. ಕುಂಬಾರನನ್ನು ಎಳೆತಂದರು. ತಿಗರಿ ಮುರಿಯಿರಿ ಎಂದೆ. ಅಷ್ಟರಲ್ಲಿ ಹೆಣ್ಣುಮಕ್ಕಳ ಸಾಲಿನಿಂದ ಒಬ್ಬ ಮುದುಕಿ ಎದ್ದು ನಿಂತಳು.

"ಏ, ನಿನ್ನ ಗಂಟಲಿಗೆ ಗೆದ್ದಲ ಹತ್ತಲಿ! ಅವ ಹಾಡಿದ್ರ ನಿನ್ನ ದೇವರ ಕಿವಿ ಹರದು ಹೋಗ್ತಾವನು?"

ಮಾಸ್ತರರು ಇದಕ್ಕೆ ಉತ್ತರ ಬರೆದಿರಲಿಲ್ಲ. ಆದರೆ ಸಿಂಹಾಸನದ ಮೇಲಿದ್ದವನಿಗೆ ಮಾತಿನ ಬರವೇ? "ಆ ಮುದುಕಿಯನ್ನೂ ಗಡಿಪಾರು ಮಾಡಿ!" ಎಂದುಬಿಟ್ಟೆ. ದೇವರಾಣೆ, ನಮ್ಮ ನಾಟಕದ ಇಬ್ಬರು ಸಿಪಾಯಿಗಳು ಈಟಿ ಹಿಡಿದು ರಂಗದಿಂದ ಇಳಿದೇ ಬಿಟ್ಟರು! ಪರದೆಯ ಹಿಂದಿನಿಂದ ಮಾಸ್ತರರು, "ಏ, ಅದು ನಾಟಕದಾಗ ಇಲ್ಲೋ, ವಾಪಸ್ ಬರ್ರೋ!" ಎಂದು ಬಾಯಿ ಬಡಿದುಕೊಂಡರು. ಮುದುಕಿ ಕೋಲು ಎತ್ತಿದ ಮೇಲೆ ಸಿಪಾಯಿಗಳಿಗೆ ಕಥೆ ನೆನಪಾಯಿತು. ಜನ ಚಪ್ಪಾಳೆ ಬಡಿದರು, ಮುಂದಿನ ಎರಡು ಕುರ್ಚಿಗಳೂ ನಕ್ಕವು. ನಾನು ಮಾತ್ರ ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿಕೊಂಡೆ. ಇನ್ನೊಂದು ಮಾತು ಹೆಚ್ಚಿಗೆ ಆಡಿದ್ದರೆ ಅವರು ಆ ಅಜ್ಜಿಯನ್ನು ಗಜೇಂದ್ರಗಡದವರೆಗೂ ನಡೆಸುತ್ತಿದ್ದರೋ ಏನೋ.

ಮರುದಿನ ಫಿರ್ಯಾದಿ ಬಂದಿದೆಯೇನೋ ಎಂದು ನಾನೂ ಮಾಸ್ತರರೂ ಜೀವ ಕೈಯಲ್ಲಿ ಹಿಡಿದು ಠಾಣೆಗೆ ಹೋದೆವು. ಅಮೀನ ಸಾಹೇಬರು ಎದ್ದು ನನ್ನ ಬೆನ್ನು ಚಪ್ಪರಿಸಿದರು. "ಶಾಬಾಶ್ ದರ್ಜಿ! ಎದಿ ಮ್ಯಾಲ ಆ ಕಾವಿ ತುಂಡು ಹಚ್ಚೀದಿ ನೋಡು, ಗುರು ಯಾರವನು ಅಂತ ನನಗ ತಿಳೀತು. ಫಿರ್ಯಾದಿ ಗಿರ್ಯಾದಿ ಏನೂ ಇಲ್ಲ, ಹೋಗ್ರಿ." ಹಾದಿಯಲ್ಲಿ ಶೆಟ್ಟರು ಸಿಕ್ಕು ಕಿವಿಯಲ್ಲಿ, "ತೋಳಿಗೆ ಹಸಿರು ಹಚ್ಚಿ ಛಲೋ ಮಾಡೀದಿ ಬಿಡು. ಯಾರಿಗೆ ಅಂದೀ ಅಂತ ನಮಗ ಗೊತ್ತಾತು" ಎಂದರು. ಮಾಸ್ತರರು ಅಲ್ಲೇ ಒಂದು ಕಟ್ಟೆ ನೋಡಿ ಕೂತು, ಬಹಳ ಹೊತ್ತು ನಕ್ಕರು. ನಗುವಾಗ ಕಣ್ಣು ಒರೆಸಿಕೊಂಡರು. ನೌಕರಿ ಉಳಿದಿತ್ತು.

ಮನೆಗೆ ಬಂದು ಗಂಗವ್ವನಿಗೆ ಎಲ್ಲ ವರದಿ ಒಪ್ಪಿಸಿದೆ. "ನೋಡು, ಎಂಥಾ ಮಂದಿ! ಅಷ್ಟು ದೊಡ್ಡ ಅಂಗಿಯಾಗ ಒಬ್ಬರಿಗೂ ತಮ್ಮ ತುಂಡು ಕಾಣಲಿಲ್ಲ, ಬರೇ ಬ್ಯಾರೇದವರದು ಕಂಡಾವ!" ಎಂದು ಊರಿನ ಬುದ್ಧಿಗೆ ಮರುಗುತ್ತ ತಟ್ಟೆಯ ಮುಂದೆ ಕೂತೆ. ಅವಳು ಅಂಗಿ ಮಡಿಸುತ್ತಿದ್ದವಳು ಎಡಭುಜದ ಹತ್ತಿರ ಕೈ ನಿಲ್ಲಿಸಿದಳು.

"ಮಾವನವರು ಪಂಢರಪುರಕ್ಕ ಹೋಗುವಾಗ ಹೊದಿತಿದ್ದ ಶಲ್ಯದ ತುಂಡು ಇಲ್ಲಿ ಹಚ್ಚಿದ್ದೆ. ಹಣಿಗೆ ಹಚ್ಕೊಳ್ಳೋ ಬುಕ್ಕಿಟ್ಟಿನ ಕಲೆ ಇತ್ತಲ್ರಿ, ಅದು. ಎಲ್ಲಿ ಹೋತು?"

"ಹೊಲಿಗಿ ಸಡ್ಲಾಗಿತ್ತೇನೋ, ಬಿದ್ದಿರಬೇಕು, ಅದಕ್ಕ ಬ್ಯಾರೇ ತುಂಡು ಹಚ್ಚಿದೆ" ಎಂದು ರೊಟ್ಟಿ ಮುರಿದೆ.

ಬಿದ್ದಿರಲಿಲ್ಲ. ನಾಟಕಕ್ಕೆ ಮುಂಚೆ ನಾನೇ ಬಿಚ್ಚಿ ಕಿಸೆಯಲ್ಲಿ ಇಟ್ಟುಕೊಂಡಿದ್ದೆ. ನಮ್ಮಪ್ಪ ಅದನ್ನು ಹೊದ್ದು ಕಾಲು ಸೋಲುವತನಕ ನಡೆದವನು. ಅದನ್ನು ಅಂಥ ದುಷ್ಟನ ಹೆಗಲಿಗೆ ಏರಿಸಲು ಮನಸ್ಸು ಬರಲಿಲ್ಲ. ಖಾಲಿ ಬಿದ್ದ ಜಾಗಕ್ಕೆ ಎದೆಯ ಕಡೆ ಅರ್ಧ ಕಾವಿ, ತೋಳಿನ ಕಡೆ ಅರ್ಧ ಹಸಿರು ಕೂಡಿಸಿದ್ದೆ. ಪಕ್ಷಪಾತ ಮಾಡಿದ ಎಂದು ಯಾರೂ ಅನ್ನಬಾರದಲ್ಲ.

ಗಂಗವ್ವ ಅಂಗಿಯನ್ನು ಬಾಗಿಲ ಬೆಳಕಿಗೆ ಹಿಡಿದು ಹೊಲಿಗೆಯ ಮೇಲೆ ಉಗುರು ಓಡಿಸಿದಳು. "ದಾರ ಹರದಿಲ್ಲ, ಬಿಚ್ಯಾರ. ಬಟ್ಟಿಗೆ ಒಂಚೂರೂ ಗಾಯಾಗದಂಗ ಬಿಚ್ಚೋ ಕೈ ಈ ಊರಾಗ ಒಂದ ಐತಿ" ಎಂದಳು.

ಇಷ್ಟು ವರ್ಷದ ಸಂಸಾರದಲ್ಲಿ ಅವಳು ನನ್ನ ಕೆಲಸವನ್ನು ಹೊಗಳಿದ್ದು ಅದೊಂದೇ ಸಲ.